ಕರೆಯುವ ಹೆಸರು

"ಹೆಸರು ಹಿಡಿದು ಕರೀಬೇಕು ತಾಯಿ, ನೀವೇ ಕರೀಬೇಕು," ಎಂದು ಡಾಕ್ಟರು ಮೂರನೇ ಸಲ ಹೇಳಿದರು.

ಯಂಕವ್ವ ಸೆರಗು ಕಚ್ಚಿಕೊಂಡು ನಿಂತಳು. ಮಂಚದ ಮೇಲೆ ಗಂಡ ಗಾದಿಲಿಂಗಪ್ಪ. ತಲೆಗೆ ಹದಿನಾರು ತಂತಿ, ಅರ್ಧ ಗಂಗಾವತಿಗೆ ಕರೆಂಟು ಅಲ್ಲಿಂದಲೇ ಹೋಗುತ್ತಿರಬೇಕು ಅನ್ನುವ ಹಾಗೆ. ಇದೇ ಮನುಷ್ಯ ತಾವರಗೇರಾದ ದನದ ಸಂತೆಯಲ್ಲಿ ದಲಾಲಿ ಕೂಗಿದರೆ ಹನುಮಸಾಗರದ ಎತ್ತುಗಳು ಕೊರಳು ತಿರುಗಿಸುತ್ತಿದ್ದವು. ಒಮ್ಮೆ ಸೀನಿದ್ದಕ್ಕೆ ಕುಷ್ಟಗಿ ಬಸ್ಸು ಬ್ರೇಕು ಹಾಕಿತ್ತು. ಎತ್ತು ಒದ್ದು ಬಿದ್ದವನು ನಲವತ್ತು ದಿನದಿಂದ ಕಣ್ಣು ಬಿಟ್ಟಿಲ್ಲ, ಸೊಲ್ಲೆತ್ತಿಲ್ಲ.

ಹೈದರಾಬಾದಿನಿಂದ ಬಂದ ಈ ಡಾಕ್ಟರು, ಮನುಷ್ಯ ಹೇಗೆ ಯೋಚಿಸುತ್ತಾನೆಂದು ನೋಡಲಿಕ್ಕೇ ಹುಟ್ಟಿದವರು. ತಲೆಯ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದರಲ್ಲಿ ಮಿದುಳು ಕಾಣುತ್ತದೆ, ಯೋಚನೆ ಕಾಣುವುದಿಲ್ಲ, ಅದನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವುದು ತಂತಿ ಸೇರುವ ಈ ಪೆಟ್ಟಿಗೆಯ ಮುಳ್ಳುಗಳು ಎಂದಿದ್ದರು. ಹೆಸರು ಕೇಳಿ ಗೆರೆ ಜಿಗಿದರೆ ಗಾದಿಲಿಂಗಪ್ಪನನ್ನು ತಮ್ಮ ಗಾಡಿಯಲ್ಲೇ ಚಿಕಿತ್ಸೆಗೆ ಹೈದರಾಬಾದಿಗೆ ಒಯ್ಯುತ್ತಾರೆ. ಇಲ್ಲದಿದ್ದರೆ ಊರಿಗೆ.

ಡಾಕ್ಟರು ಕರೆದಾಗಿತ್ತು, ನರ್ಸು ಮೈಮುನಬಿ ಕರೆದಾಗಿತ್ತು. ಗೆರೆ ಒಂದೇ ಸಮ ಹರಿಯುತ್ತಿತ್ತು.

"ಗಂಡನ ಹೆಸರ ಹೇಳಿದ್ರ ಆಯುಷ್ಯ ಕಡಿಮಿ ಆಕ್ಕೈತ್ರಿ," ಎಂದಳು ಯಂಕವ್ವ.

"ಈಗ ಉಳದಿದ್ದಾದ್ರೂ ಎಷ್ಟೈತವ್ವಾ," ಎಂದಳು ಮೈಮುನಬಿ.

ಇಪ್ಪತ್ತೆರಡು ವರ್ಷದ ಹಿಂದೆ, ಮದುವೆಯ ದಿನ ಬಾಗಿಲು ತಡೆದ ನಾದಿನಿಯರ ಮುಂದೆ ಗಂಡನ ಹೆಸರನ್ನು ಪ್ರಾಸದ ಒಡಪಿನಲ್ಲಿ ಕಟ್ಟಿ ಹೇಳಿದ್ದೇ ಮೊದಲು, ಅದೇ ಕೊನೆ. ಆಮೇಲೆ ಉಣ್ಣಲು ಕರೆಯುವುದಕ್ಕೂ ಜಗಳ ತೆಗೆಯುವುದಕ್ಕೂ 'ಕೇಳಿಸ್ತೇನ್ರಿ' ಒಂದೇ. ಈಗ ಹೆಸರು ತನ್ನಷ್ಟಕ್ಕೆ ಬಾಯಿಗೆ ಬರಲಿಲ್ಲ. ಒಡಪನ್ನೇ ಹಿಡಿದುಕೊಂಡು ಬಂತು.

"ಕೊಪ್ಪಳದ ಕೋಟಿಗೆ ಕಲ್ಲಿನ ಬಾಗಿಲ, ಗಾದಿಲಿಂಗಪ್ಪನವರು ಬರೂತನಾ ನಾ ಬಿಡೂದಿಲ್ಲ ಬಾಗಿಲ."

ಗೆರೆ ಮೊದಲಿನಂತೆಯೇ ಒಂದೇ ಸಮ ಸಾಗಿತು. ಒಡಪು ಬಿಟ್ಟು ಬರೀ ಹೆಸರನ್ನೇ ಕರೆದಳು. ಮತ್ತೆ ಕರೆದಳು, ವರಾಂಡದ ರೋಗಿಗಳೆಲ್ಲ ಎದ್ದು ಕೂತರು, ಸಾಯಲು ಹೊರಟಿದ್ದವನೊಬ್ಬ ಅರ್ಧ ದಾರಿಯಿಂದ ತಿರುಗಿ ಬಂದನಂತೆ. ಗಾದಿಲಿಂಗಪ್ಪನ ಗೆರೆ ಮಾತ್ರ ಕಾಲುವೆ ನೀರಿನಂತೆ ತನ್ನ ಪಾಡಿಗೆ ತಾನು.

ಡಾಕ್ಟರು ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಊರಿಗೆ ಕಳಿಸುವ ಚೀಟಿ ಬರೆದಿಟ್ಟು ಕೈ ತೊಳೆಯಲು ಹೋದರು. ಮೈಮುನಬಿ ಒಂದೊಂದೇ ತಂತಿ ಬಿಡಿಸಿ, ಕಾಗದ ಸುತ್ತತೊಡಗಿದಳು. ಯಂಕವ್ವ ಗಂಡನ ಹಣೆಗೆ ಅಂಟಿದ್ದ ಮೇಣವನ್ನು ಸೆರಗಿನಿಂದ ಒರೆಸಿ, ಬಟ್ಟೆಯ ಗಂಟು ಕಟ್ಟಲು ನೆಲಕ್ಕೆ ಬಗ್ಗಿದಳು.

"ಕೇಳಿಸ್ತೇನ್ರಿ," ಎಂದಳು, ಯಾವಾಗಿನ ಹಾಗೆ. "ಊರಿಗೆ ಹೋಗೂಣು."

ಆರಿಸಿದ ಪೆಟ್ಟಿಗೆಯ ಮುಳ್ಳುಗಳು ನಿಂತಲ್ಲೇ ನಿಂತಿದ್ದವು. ಹೊದಿಕೆಯಾಚೆ ಚಾಚಿದ್ದ ಗಾದಿಲಿಂಗಪ್ಪನ ಕಾಲಿನ ಹೆಬ್ಬೆರಳು ಒಮ್ಮೆ ಮೇಲೆದ್ದು, ಇಳಿಯಿತು. ಯಂಕವ್ವ ಇನ್ನೂ ಗಂಟು ಬಿಗಿಯುತ್ತಿದ್ದಳು.