ಬೊಂಬೆಯಲ್ಲ ಎನ್ನಲು ಹತ್ತು ಸಾಲು

ಕುಂಟ ಹುಂಜ ಎಂಬ ಹೆಂಡದಂಗಡಿ ತುಂಬಿ ತುಳುಕುತ್ತಿತ್ತು, ಆದರೆ ಒಂದು ಪಿಸುಮಾತೂ ಇರಲಿಲ್ಲ. ಕೊಡಲಿ ಹೊತ್ತವರು, ಬಿಲ್ಲು ಹೊತ್ತವರು, ಕುದುರೆಯನ್ನು ಬಾಗಿಲಲ್ಲೇ ಬಿಟ್ಟು ಬಂದವರು, ಎಲ್ಲರೂ ಒಂದೇ ಕಡೆ ಮುಖ ಮಾಡಿ ಕಂಬಗಳ ಹಾಗೆ ನಿಂತಿದ್ದರು. ಎದುರಿಗೆ ಹಸಿರು ಲಂಗದ ಹುಡುಗಿಯೊಬ್ಬಳು ಕುಣಿಯುತ್ತಿದ್ದಳು. ಎಡಕ್ಕೆ ಹೆಜ್ಜೆ, ಬಲಕ್ಕೆ ಹೆಜ್ಜೆ, ಒಂದು ಸುತ್ತು, ಒಂದು ನಗು. ಮತ್ತೆ ಎಡಕ್ಕೆ. ಓಸ್ದಾನಿ ಬೆಳಿಗ್ಗೆ ಬ್ರೆಡ್ಡಿನ ಸಾಲಿಗೆ ಹೊರಟಾಗ ಅವಳು ಹೀಗೇ ನಗುತ್ತಿದ್ದಳು. ಬ್ರೆಡ್ಡು ಸಿಗದೆ ವಾಪಸು ಬಂದಾಗಲೂ ನಗುತ್ತಿದ್ದಳು.

ಅಂಗಡಿ ಇದ್ದದ್ದು ಆಟದೊಳಗೆ, ಆಟ ಇದ್ದದ್ದು ಓಸ್ದಾನಿಯ ಮಂಚದ ಕೆಳಗಿನ ಕಂಪ್ಯೂಟರಿನಲ್ಲಿ. ಬಡಾವಣೆಗೆ ಆ ಆಟವನ್ನು ನಡೆಸುತ್ತಿದ್ದವನೂ ಅವನೇ. ಹವಾನಾದ ಲಾಟನ್ ಬಡಾವಣೆಯಲ್ಲಿ ಬಟ್ಟೆ ಒಣಗಿಸುವ ಹಗ್ಗಗಳ ಜೊತೆಜೊತೆಗೇ ತಾರಸಿಯಿಂದ ತಾರಸಿಗೆ ಎಳೆದ ತಂತಿಗಳೆಲ್ಲ ಕೊನೆಗೆ ಅವನ ಕಿಟಕಿಗೆ ಬಂದು ಸೇರುತ್ತಿದ್ದವು. ಸಂಜೆಯಾದರೆ ಅರ್ಧ ಬಡಾವಣೆ ಆ ತಂತಿಗಳಲ್ಲಿ ಹರಿದು ಬಂದು ಕತ್ತಿ ಹಿಡಿಯುತ್ತಿತ್ತು. ಆ ಆಟದಲ್ಲಿ ಯುದ್ಧದಿಂದ ಬಂದವರ ಮೈಗಾಯಕ್ಕೆ ವೈದ್ಯರಿದ್ದರು. ಮನಸ್ಸಿನ ಗಾಯಕ್ಕೆ ಮಾತ್ರ ಈ ಅಂಗಡಿಯೇ ಗತಿ. ಹಾಡುವವರ, ಕುಣಿಯುವವರ ಮುಂದೆ ಸ್ವಲ್ಪ ಹೊತ್ತು ಕೂತರೆ ಅದು ಮಾಯುತ್ತಿತ್ತು. ಆಟವನ್ನು ಕಟ್ಟಿದ ಪುಣ್ಯಾತ್ಮರು ಯಾಕೋ ಹಾಗೆ ಮಾಡಿಟ್ಟಿದ್ದರು. ಮೊದಲೆಲ್ಲ ಹಾಡಲು, ಕುಣಿಯಲು ಮನುಷ್ಯರೇ ಬರುತ್ತಿದ್ದರು. ಗಾಯ ಮಾಯುವ ತನಕ ಹರಟೆ ನಡೆಯುತ್ತಿತ್ತು, ಜಗಳ ನಡೆಯುತ್ತಿತ್ತು, ಒಂದು ಮದುವೆಯೂ ಅಲ್ಲೇ ನಿಶ್ಚಯವಾಗಿ ಮುರಿದುಬಿದ್ದಿತ್ತು.

ಆಮೇಲೆ ಬೊಂಬೆಗಳು ಬಂದವು. ಕೀಲಿಮಣೆ ಮುಟ್ಟುವವರಿಲ್ಲದೆ ತಾವಾಗಿಯೇ ಕುಣಿಯುವ ಪಾತ್ರಗಳಿಗೆ ಲಾಟನ್ನಿನವರು ಇಟ್ಟ ಹೆಸರು ಅದು. ಹಸಿರು ಲಂಗದವಳು ಎದುರು ಮನೆಯ ವಿಲ್ಬೆರನ ಬೊಂಬೆ. ವಿಲ್ಬೆರ್ ಫ್ಯಾನು ರಿಪೇರಿ ಮಾಡುವವನು. ಅವನಿಗೆ ಆಟದಲ್ಲಿ ದೊಡ್ಡ ದಂಡೇ ಇತ್ತು, ದಂಡಿಗೆ ಬೇಗ ಬೇಗ ವಾಸಿಯಾಗಬೇಕಿತ್ತು.

"ನನ್ ಬೊಂಬೆ ಊಟಕ್ಕೆ ಎದ್ದು ಹೋಗಲ್ಲ, ಗಂಡನ ಜೊತೆ ಜಗಳ ಆಡ್ಕೊಂಡು ಬಂದು ಮುಖ ಊದಿಸಿಕೊಳ್ಳಲ್ಲ. ಅದರಲ್ಲಿ ತಪ್ಪೇನು ಹೇಳು ಮಾರಾಯಾ?" ಎಂದು ಅವನು ಬಾಲ್ಕನಿಯಿಂದ ಕೇಳುತ್ತಿದ್ದ.

ಉತ್ತರ ಓಸ್ದಾನಿಗೆ ಗೊತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಉತ್ತರ ಅಂಗಡಿಯ ಮೂಲೆಯಲ್ಲಿ ಗಿಟಾರು ಹಿಡಿದು ಕೂತಿತ್ತು, ಅದರ ಮುಂದೆ ಒಬ್ಬರೂ ನಿಂತಿರಲಿಲ್ಲ.

ಅದು ಮೈದೇಲಿಸ್. ಅವನ ತಾರಸಿಗೆ ತಾಗಿದ ಮನೆಯವಳು, ಅವನ ತಾಯಿಯ ವಯಸ್ಸಿನವಳು. ಹಳ್ಳಿ ಕಡೆಯ ಕೂಟಗಳಲ್ಲಿ ಆಶುಕವಿಯಾಗಿ ಹಾಡಿ ಬೆಳೆದವಳು. ಕೇಳುಗರಲ್ಲಿ ಯಾರಾದರೂ ಒಂದು ಸಾಲು ಎಸೆಯುತ್ತಾರೆ. ಕವಿ ಆ ಸಾಲಿಗೇ ಬಂದು ಮುಟ್ಟುವ ಹಾಗೆ ಹತ್ತು ಸಾಲಿನ ಪದ್ಯವನ್ನು ನಿಂತ ನಿಲುವಿನಲ್ಲೇ ಕಟ್ಟಿ ಹಾಡಬೇಕು. ಮನೆಯಲ್ಲಿ ಕಟ್ಟಿಕೊಂಡು ಬಂದದ್ದನ್ನು ಆಗ ಹುಟ್ಟಿದ್ದೆಂದು ಹಾಡಿದವರನ್ನು ಆ ಕೂಟಗಳಲ್ಲಿ ಮತ್ತೆ ಕರೆಯುತ್ತಿರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಮೈದೇಲಿಸಳಿಗೆ ಉಳಿದದ್ದು ಉಸಿರಿನಷ್ಟು ದನಿ. ಕೂಟಗಳು ಮುಗಿದವು. ಆಟದೊಳಗೆ ದನಿ ಬೇಕಿರಲಿಲ್ಲ, ಬೆರಳು ಸಾಕಿತ್ತು. ಅವಳು ಟೈಪು ಮಾಡಿ ಹಾಡುತ್ತಿದ್ದಳು.

ಮೊದಲ ದಿನ ಅವಳಿಗೆ ಸಾಲು ಎಸೆದವನು ಓಸ್ದಾನಿಯೇ. ತಮಾಷೆಗೆ, ಬಾಯಿಗೆ ಬಂದದ್ದು: ಬಾಗಿಲು ತೆರೆದೇ ಇಟ್ಟಿದ್ದೆ. ಪರದೆಯ ಮೇಲೆ ಒಂದೊಂದೇ ಸಾಲು ಮೂಡಿತು. ಹಾಡಲು ಪಕ್ಕದೂರಿಗೆ ಹೋದ ಅಪ್ಪ, ಹೊಳೆಯ ಬಳಿ ಮಗುಚಿದ ಲಾರಿ. ಕೊನೆಯ ನಾಲ್ಕು ಸಾಲು ಅವನಿಗೆ ಬಾಯಿಪಾಠವಾಗಿಬಿಟ್ಟಿತು.

ಬೆಳಗಿನ ತನಕವೂ ಎದ್ದಿದ್ದೆ,
ಗಿಟಾರು ಮಾತ್ರ ಮನೆಗೆ ಬಂತು;
ನಾಯಿ ಮೂಸಿತು ಹೊಸಿಲಲಿ ನಿಂತು,
ಬಾಗಿಲು ತೆರೆದೇ ಇಟ್ಟಿದ್ದೆ.

ಅಂಥವಳು ಈಗ ಗೋಡೆಗೆ ಹಾಡುತ್ತಿದ್ದಳು. ಒಂದು ಮಧ್ಯಾಹ್ನ ತಾರಸಿಯಲ್ಲಿ ಬಟ್ಟೆ ಹರವುತ್ತ, "ನಾಳೆಯಿಂದ ಬರಲ್ಲ ಕಣೋ. ಸತ್ತವರ ಮುಂದೆಯಾದ್ರೂ ಹಾಡಬಹುದು, ಅವರು ಬೇರೆ ಕಡೆ ನೋಡ್ತಾ ಇರಲ್ಲ" ಎಂದಳು.

ಓಸ್ದಾನಿ ಆ ವಾರವೆಲ್ಲ ಕೂತು ಆಟದೊಳಗೆ ಹೊಸ ಕಾಯಿದೆ ಬರೆದ. ಅಂಗಡಿಯಲ್ಲಿ ಯಾರು ಬೇಕಾದರೂ ಕಲಾವಿದರ ಕಡೆ ಒಂದು ಸಾಲು ಎಸೆಯಬಹುದು, ಒಂದು ಕುಣಿತ ಕೇಳಬಹುದು. ಕೇಳಿದ್ದಕ್ಕೆ ಉತ್ತರ ಕೊಟ್ಟವರ ಮುಂದೆ ಗಾಯ ಎರಡು ಪಟ್ಟು ಬೇಗ ಮಾಯುತ್ತದೆ. ಉತ್ತರವೇ ಕೊಡದವರು, ಕೊಟ್ಟ ಉತ್ತರವನ್ನೇ ಮತ್ತೆ ಕೊಟ್ಟವರು ಬೊಂಬೆಗಳು. ಅವರನ್ನು ಆಟ ತಾನಾಗಿಯೇ ಹೊರಗೆ ಹಾಕುತ್ತದೆ. ಬದುಕಿರುವವರು ಹೇಳಿದ್ದನ್ನೇ ಹೇಳುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಅವನಿಗಿನ್ನೂ ಇಪ್ಪತ್ತಾರು ವರ್ಷ.

ಹಸಿರು ಲಂಗದವಳು ಮೊದಲ ಸಂಜೆಯೇ ಮಾಯವಾದಳು. ಅಂಗಡಿಗೆ ಮಾತು ಮರಳಿತು. ದೂರದ ಗ್ವಾನಾಬಕೋವಾ ಬಡಾವಣೆಯಿಂದ ಒಬ್ಬ ತುತ್ತೂರಿಯವನು ಬಂದ, ಕುಣಿಯುವ ಅವಳಿ ಅಕ್ಕತಂಗಿಯರು ಬಂದರು. ಮೈದೇಲಿಸಳ ಮುಂದೆ ನಿಲ್ಲಲು ಜಾಗವಿರಲಿಲ್ಲ. ಬೆಳಿಗ್ಗೆ ತಾರಸಿಯಲ್ಲಿ ಸಿಕ್ಕರೆ, "ನಿನ್ನೆ ಯಾವನೋ 'ನನ್ನ ಬೂಟಿಗೆ ತೂತು' ಅಂತ ಎಸೆದ ಕಣೋ! ತೂತಿನೊಳಗಿಂದ ಚಂದ್ರನ್ನ ತೋರಿಸಿ ಕಳಿಸ್ದೆ" ಎಂದು ಉಸಿರಲ್ಲೇ ನಗುತ್ತಿದ್ದಳು.

ಆ ನಗು ಯಾವಾಗ ನಿಂತಿತೆಂದು ಓಸ್ದಾನಿ ಗಮನಿಸಲಿಲ್ಲ. ಜನ ಬರುತ್ತಿದ್ದದ್ದು ಎರಡು ಪಟ್ಟು ಬೇಗ ವಾಸಿಯಾಗುವುದಕ್ಕೆ. ಸಾಲು ಎಸೆದು, ಪದ್ಯ ಮೂಡುವಷ್ಟರಲ್ಲಿ ಗಾಯ ಮಾಯ್ದರೆ ಮೂರನೆಯ ಸಾಲಿಗೇ ಎದ್ದು ಹೊರಟುಬಿಡುತ್ತಿದ್ದರು. "ಬೇಗ ಬೇಗ ಅಜ್ಜಿ, ಹೊರಗೆ ಯುದ್ಧ ನಡೀತಿದೆ!" "ಅಕ್ಕಿ ಅಕ್ಕಿ ಅಕ್ಕಿ, ಇದೇ ಸಾಲು, ಬರೀ!" ತಾರಸಿಯ ಆಚೆ ಕಿಟಕಿಯಲ್ಲಿ ಅವನಿಗೆ ಅವಳ ಬೆನ್ನು ಕಾಣುತ್ತಿತ್ತು. ಎದ್ದು ನೀರು ಕುಡಿಯುವುದನ್ನೂ ಅವಳು ಬಿಟ್ಟಿದ್ದಳು. ಎದ್ದರೆ ಉತ್ತರವಿಲ್ಲ, ಉತ್ತರವಿಲ್ಲದಿದ್ದರೆ ಬೊಂಬೆ. ಕಾಯಿದೆಯಲ್ಲಿ ನೀರಿಗೆ ಜಾಗವಿರಲಿಲ್ಲ.

ಭಾನುವಾರ ವಿಲ್ಬೆರ್ ಬಾಲ್ಕನಿಯಿಂದ ಕೂಗಿದ. "ಅಸೇರೆ, ಗೆಳೆಯಾ! ನಿನ್ನ ರಾಣೀನೂ ಕೀಲಿ ಕೊಟ್ಟ ಬೊಂಬೇನೇ ಕಣೋ!"

"ಬಾಯಿಗೆ ಬಂದಂಗೆ ಮಾತಾಡ್ಬೇಡ."

"ಅವಳಿಗೆ ಬಂದಿದ್ದ ಹಳೇ ಸಾಲು ಒಂದನ್ನ ಎಲ್ಲರ ಮುಂದೆ ಮತ್ತೆ ಎಸಿ. ಹೊಸಾ ಪದ್ಯ ಬಂದ್ರೆ ನಿನ್ನ ಮನೆ ಫ್ಯಾನೆಲ್ಲ ಬಿಟ್ಟಿ ರಿಪೇರಿ ಮಾಡ್ಕೊಡ್ತೀನಿ."

"ಯಾವುದನ್ನ ಬೇಕಾದ್ರೂ ಎಸೀತೀನಿ!"

"ನಿನ್ನದನ್ನೇ ಎಸಿ. ಬೀದಿಗೆಲ್ಲ ಹೇಳ್ಕೊಂಡು ತಿರುಗ್ತಿದ್ಯಲ್ಲ, ಬಾಗಿಲು, ನಾಯಿ, ಅದನ್ನ."

ಓಸ್ದಾನಿ ನಕ್ಕ. ಅವನಿಗೆ ಅದು ಪಂದ್ಯವೆನ್ನಿಸಲೇ ಇಲ್ಲ. ಒಂದೇ ಸಾಲಿಗೆ ಹತ್ತು ದಾರಿಯಲ್ಲಿ ಹೋಗಬಲ್ಲವಳನ್ನು ಬೀದಿಯೆಲ್ಲ ನೋಡಲಿ ಎಂಬ ಆಸೆಯೇ ಅವನಿಗಿತ್ತು. ಸಂಜೆ ಅಂಗಡಿ ತುಂಬಿದಾಗ ಅವನು ಎಲ್ಲರ ಮುಂದೆ ನಿಂತು ಸಾಲು ಎಸೆದ: ಬಾಗಿಲು ತೆರೆದೇ ಇಟ್ಟಿದ್ದೆ.

ಏನೂ ಬರಲಿಲ್ಲ. ಯಾರೋ "ಕೀಲಿ ಮುಗೀತು" ಎಂದರು. ಆಮೇಲೆ ಮೊದಲ ಸಾಲು ಬಂತು. ಅದೇ ಅಪ್ಪ, ಅದೇ ಹೊಳೆ, ಅದೇ ಲಾರಿ. ಬೇಡ, ಇಲ್ಲಿಂದಾದರೂ ತಿರುಗು ಎಂದು ಅವನು ಪರದೆಗೆ ಹೇಳುತ್ತಿದ್ದ. ಬೆಳಗಿನ ತನಕವೂ ಎದ್ದಿದ್ದೆ. ಗಿಟಾರು. ನಾಯಿ. ಕೊನೆಯ ಸಾಲು ಬಂದು ಕೂರುವ ಮೊದಲೇ ಮೂಲೆ ಖಾಲಿಯಾಯಿತು. ಅವನ ಕಾಯಿದೆ ಅವನನ್ನು ಕೇಳದೆ ತನ್ನ ಕೆಲಸ ಮುಗಿಸಿತ್ತು.

"ಬೊಂಬೆ! ಬೊಂಬೆ!" ಎಂದು ಅಂಗಡಿಯೆಲ್ಲ ಬರೆಯತೊಡಗಿತು.

ಅವನು ತಂತಿಗಳ ಕೆಳಗೆ ಬಗ್ಗಿ ತಾರಸಿ ದಾಟಿದ. ಮೈದೇಲಿಸ್ ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. ಪಕ್ಕದಲ್ಲಿ ಕೆನೆಗಟ್ಟಿದ ಕಾಫಿ.

"ಯಾಕೆ ಹಾಗೆ ಮಾಡ್ದೆ?" ಎಂದ.

"ಬೇರೆ ಬರಲಿಲ್ಲ." ಅವಳ ದನಿ ಕೇಳಲು ಬಗ್ಗಬೇಕಿತ್ತು. "ಆ ಸಾಲಿಗೆ ನನ್ನ ಹತ್ರ ಇರೋದು ಅದೊಂದೇ. ಇನ್ನೊಂದು ಕಟ್ಟೋಕೆ ನೋಡ್ದೆ. ಅಪ್ಪ ಬದುಕಿ ಬಂದ ಅಂತ ಬರೀಲಾ?"

"ಎಲ್ಲರೂ ನೋಡ್ತಿದ್ರು, ಮೈದೇಲಿಸ್."

"ಅದನ್ನ ಎಸೆದೋನು ನೀನು." ಅವಳು ತಿರುಗಿ ನೋಡಿದಳು. "ವಾಪಸು ಸೇರಿಸ್ಕೋ. ನಿನಗೆ ಅದು ಒಂದು ಗುಂಡಿ ಒತ್ತೋ ಕೆಲಸ. ನನಗೆ ಹಾಡೋಕೆ ಇನ್ನೊಂದು ಜಾಗ ಇಲ್ಲ, ನಿನಗೆ ಗೊತ್ತು."

ಗುಂಡಿ ಒತ್ತಿದರೆ ವಿಲ್ಬೆರ್ ಸುಮ್ಮನಿರುವುದಿಲ್ಲ. ನಿನ್ನ ಪಕ್ಕದ ಮನೆಯವಳಿಗೊಂದು ಕಾಯಿದೆ, ನಮಗೊಂದಾ ಎನ್ನುತ್ತಾನೆ. ಆಮೇಲೆ ಬೊಂಬೆಗಳನ್ನು ತಡೆಯಲು ಯಾವ ಮುಖವಿರುತ್ತದೆ? ತುತ್ತೂರಿಯವನು, ಅವಳಿಗಳು ಏನಾಗುತ್ತಾರೆ? ಇದನ್ನೆಲ್ಲ ಹೇಳಬೇಕೆಂದಿದ್ದ ಓಸ್ದಾನಿಯ ಬಾಯಿಂದ ಬಂದದ್ದೇ ಬೇರೆ.

"ಉಳಿದ ದಿನ? ಉಳಿದ ದಿನಾನೂ ಹಳೇದನ್ನೇ ಹಾಡ್ತಿದ್ಯಾ?"

ಅವಳು ಎದ್ದು ಕಾಫಿಯನ್ನು ತೊಟ್ಟಿಗೆ ಚೆಲ್ಲಿದಳು.

"ಕೆಲವು ಸಲ. ಪೂರ್ತಿ ಅಲ್ಲ, ಅಲ್ಲೊಂದು ಇಲ್ಲೊಂದು ತುಂಡು. ಅಕ್ಕಿ ಅಕ್ಕಿ ಅಕ್ಕಿ ಅನ್ನೋರಿಗೆ. ನಮ್ಮಪ್ಪ ಇದ್ದಿದ್ರೆ ಕಪಾಳಕ್ಕೆ ಹೊಡೀತಿದ್ದ." ಲೋಟ ತೊಳೆಯುತ್ತ ಹೇಳಿದಳು, "ಆದ್ರೆ ಅವನೂ ಕೇಳ್ತಿರಲಿಲ್ಲ ಕಣೋ, ನೀನು ಈಗ ಕೇಳಿದ್ಯಲ್ಲ, ಆ ಥರ."

ಆಗಲೇ ಕರೆಂಟು ಹೋಯಿತು.

ಬೀದಿಯುದ್ದಕ್ಕೂ ಫ್ಯಾನುಗಳು ನಿಧಾನವಾಗಿ ನಿಂತವು, ಬಾಗಿಲುಗಳು ತೆರೆದವು. ಇನ್ನೂ ಬೆಳಕಿತ್ತು. ಜನ ಕುರ್ಚಿ ಎಳೆದುಕೊಂಡು ಹೊರಗೆ ಬಂದರು, ಡೊಮಿನೊ ಹಲಗೆ ಬಂತು, ಮಕ್ಕಳು ಬಂದವು. ಅಂಗಡಿ, ಯುದ್ಧ, ಬೊಂಬೆ, ಕಾಯಿದೆ ಎಲ್ಲ ಒಂದೇ ಏಟಿಗೆ ಆರಿಹೋಗಿತ್ತು. ಮೈದೇಲಿಸ್ ತಾರಸಿಯ ಅಂಚಿಗೆ ಬಂದು ನಿಂತಳು. ಓಸ್ದಾನಿ ಸ್ವಲ್ಪ ದೂರದಲ್ಲಿ ನಿಂತ.

ಎದುರು ಬಾಲ್ಕನಿಯಲ್ಲಿ ವಿಲ್ಬೆರ್ ಬನಿಯನ್ನಿನಲ್ಲಿ ಬೀಸಣಿಗೆ ಹಾಕಿಕೊಳ್ಳುತ್ತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು. ಗೆದ್ದವನ ಕಳೆ ಅವನ ಮುಖದಲ್ಲಿ ಇರಲಿಲ್ಲ.

"ಮೈದೇಲಿಸ್!" ಎಂದು ಕೂಗಿದ. "ಈಗ ಯಾವ ಯಂತ್ರಾನೂ ಇಲ್ಲ. ತಗೋ ಹೊಸ ಸಾಲು: ಫ್ಯಾನಿನ ರೆಕ್ಕೆ ನಿಂತಿದೆ!"

ಕೆಳಗೆ ಕೆಲವರು ನಕ್ಕರು, ಕೆಲವರು ತಲೆಯೆತ್ತಿದರು. ಡೊಮಿನೊ ಕಾಯಿಗಳ ಸದ್ದು ನಿಂತಿತು. ಅವಳು ಬಾಯಿ ತೆರೆದಳು, ಉಸಿರು ಮಾತ್ರ ಬಂತು. ಓಸ್ದಾನಿಯ ತೋಳು ಹಿಡಿದು ಹತ್ತಿರಕ್ಕೆ ಎಳೆದು, ಅವನ ಕಿವಿಯಲ್ಲಿ ಹೇಳಿದಳು. ಅವನು ಬೀದಿಗೆ ಕೂಗಿದ.

"ದೀಪ ಹೋಯಿತು, ಬೀದಿ ಬಂತು!"

"ಓಹೋ!" ಎಂದಿತು ಬೀದಿ.

"ಬಿಸಿಲು ಗೋಡೆಲಿ ಉಳಿದಿದೆ, ಹೆಸರು ಹಿಡಿದು ಕರೆದಿದೆ, ದನಿಯೊಂದು ಎದುರಲಿ ನಿಂತು!"

ಬಂತು, ನಿಂತು. ಅದೇ ಪ್ರಾಸ ಅಲ್ಲವೇ, ಗಿಟಾರಿನದು, ನಾಯಿಯದು? ಕೂಗುತ್ತ ಕೂಗುತ್ತಲೇ ಅವನ ತಲೆ ತಾಳೆ ನೋಡುತ್ತಿತ್ತು. ಬೇಡವೆಂದರೂ ನೋಡುತ್ತಿತ್ತು. ಕಿವಿಯಲ್ಲಿ ಅವಳ ಉಸಿರು ಬಿಸಿಯಾಗಿ ಬಡಿಯುತ್ತಿದ್ದಾಗಲೂ ತನಗೆ ಸುಮ್ಮನೆ ಕೇಳುವುದಕ್ಕೆ ಆಗುತ್ತಿಲ್ಲವೆಂದು ಅವನಿಗೆ ಹೊಳೆಯಿತು. ಅವನು ಐದನೆಯ ಸಾಲು ಕೂಗಿದ, ಆರನೆಯದನ್ನು ಕೂಗಿದ. ಏಳನೆಯದಕ್ಕೆ ಅವಳು ಉಸಿರು ಎಳೆದುಕೊಂಡಳು.

ಕರೆಂಟು ಬಂತು. ಬೀದಿಯೆಲ್ಲ ಒಟ್ಟಿಗೆ ಕೇಕೆ ಹಾಕಿತು, ಕುರ್ಚಿಗಳು ಒಳಗೆ ಹೋದವು, ಬಾಗಿಲುಗಳು ಮುಚ್ಚಿದವು. ವಿಲ್ಬೆರನೂ ಒಮ್ಮೆ ಕೈಯೆತ್ತಿ ಒಳಗೆ ಹೋದ. ಕೆಳಗೆ ಒಂದು ನಾಯಿ ಮಾತ್ರ ಉಳಿಯಿತು.

"ಹೇಳು, ನಾನು ಕೇಳ್ತೀನಿ" ಎಂದ ಓಸ್ದಾನಿ.

"ಹೋಗು. ನಿನ್ನ ಯಂತ್ರ ಎಬ್ಬಿಸಬೇಕಲ್ಲ" ಎಂದಳು, ಅವನ ತೋಳು ಬಿಟ್ಟಳು.

ಯಂತ್ರ ಎದ್ದಿತು. ಹೊರಹಾಕಿದವರ ಹೆಸರುಗಳು ಪರದೆಯ ಮೇಲೆ ಬಂದವು, ಅವಳದು ಎಲ್ಲಕ್ಕಿಂತ ಕೆಳಗೆ. ಓಸ್ದಾನಿ ಆ ಒಂದು ಹೆಸರನ್ನು ಅಳಿಸಲು ಹೋಗಿ ತಡೆದ. ಆಮೇಲೆ ವಾರವಿಡೀ ಕೂತು ಬರೆದ ಕಾಯಿದೆಯನ್ನೇ, ಎರಡು ಪಟ್ಟನ್ನೂ ಪರೀಕ್ಷೆಯನ್ನೂ ಆ ಹೆಸರುಗಳ ಪಟ್ಟಿಯನ್ನೂ ಸೇರಿಸಿ, ಕಿತ್ತು ಹಾಕಿದ.

ಹಸಿರು ಲಂಗದವಳು ಮರಳಲು ತಡವಾಗಲಿಲ್ಲ. ಎಡಕ್ಕೆ ಹೆಜ್ಜೆ, ಬಲಕ್ಕೆ ಹೆಜ್ಜೆ, ಒಂದು ಸುತ್ತು, ಒಂದು ನಗು. ಕೊಡಲಿಯವರೂ ಬಿಲ್ಲಿನವರೂ ಅವಳ ಮುಂದೆ ಕಂಬವಾದರು. ತುತ್ತೂರಿಯವನು ಒಂದಿಷ್ಟು ಊದಿ, ಯಾರೂ ತಿರುಗದ್ದು ನೋಡಿ, ಹೇಳದೆ ಹೊರಟುಹೋದ. ಮಾಡಿದ್ದು ಸರಿಯೆಂದು ಓಸ್ದಾನಿಗೆ ಅನ್ನಿಸಲಿಲ್ಲ.

ಮೂಲೆಯಲ್ಲಿ ಗಿಟಾರಿನವಳು ಬಂದು ಕೂತದ್ದು ಆಮೇಲೆ. ಅವಳ ಮುಂದೆ ಯಾರೂ ಇರಲಿಲ್ಲ. ಅವನು ತನ್ನ ಪಾತ್ರವನ್ನು ನಡೆಸಿಕೊಂಡು ಹೋಗಿ ಅವಳೆದುರು ಕೂರಿಸಿದ. ಯುದ್ಧಕ್ಕೆ ಹೋಗಿರದ ಆ ಪಾತ್ರಕ್ಕೆ ಮಾಯಿಸಿಕೊಳ್ಳಲು ಗಾಯವೇ ಇರಲಿಲ್ಲ. ವಿಲ್ಬೆರನ ಸಾಲನ್ನೇ ಅವನು ಮತ್ತೆ ಬರೆದ: ಫ್ಯಾನಿನ ರೆಕ್ಕೆ ನಿಂತಿದೆ.

ಏನೂ ಬರಲಿಲ್ಲ. ಅವಳು ಯೋಚಿಸುತ್ತಿದ್ದಾಳೋ, ತಂತಿ ಎಲ್ಲಾದರೂ ಕಳಚಿದೆಯೋ ತಿಳಿಯಲಿಲ್ಲ. ಬೊಂಬೆಯಾಗಿದ್ದರೆ ಇಷ್ಟು ಹೊತ್ತಿಗೆ ನಕ್ಕಾಗಿರುತ್ತಿತ್ತು. ಕಿಟಕಿಗೆ ಹೋಗಿ ನೋಡಿದರೆ ಗೊತ್ತಾಗುತ್ತಿತ್ತು, ತಾರಸಿಯಾಚೆ ಅವಳ ಬೆನ್ನು ಕಾಣುತ್ತಿತ್ತು. ಅವನು ಏಳಲಿಲ್ಲ. ಖಾಲಿ ಪರದೆಯನ್ನು ನೋಡುತ್ತ, ತಲೆಯ ಮೇಲೆ ಫ್ಯಾನು ತಿರುಗುತ್ತಿರಲು, ಕಾಯುತ್ತ ಕೂತೇ ಇದ್ದ.