ಗೇಟಿನಾಚೆ ನಡೆದ ಸಭೆ

ಅವಳ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಕಚೇರಿಯಲ್ಲಿ ಎಲ್ಲರೂ ಅವಳನ್ನು ಚಿಕ್ಕ ಮೇಡಂ ಅನ್ನುತ್ತಿದ್ದರು. ಮರ್ಯಾದೆಗೇನಲ್ಲ, ಎಲ್ಲರಿಗಿಂತ ಕಿರಿಯವಳು ಅಂತ. ಅಪರಾಧ ತಡೆಯುವುದಕ್ಕೆಂದು ಸರ್ಕಾರ ಕೊಡುವ ಅನುದಾನ ಯಾವ ಕೆಲಸಕ್ಕೆ ಹೋಗಬೇಕು ಎಂದು ಯೋಜನೆ ಹಾಕುವ ಕಚೇರಿ ಅದು. ಅವಳ ಹುದ್ದೆಯ ಹೆಸರು ಸಹಾಯಕ ಸಂಶೋಧಕಿ. ಮಾಡುತ್ತಿದ್ದದ್ದು ಮಾತ್ರ ಅರ್ಜಿ ಜೋಡಿಸುವುದು, ವರದಿಗಳಿಗೆ ಪುಟಸಂಖ್ಯೆ ಹಾಕುವುದು, ಪ್ರಿಂಟರ್ ಮುನಿಸಿಕೊಂಡಾಗ ಅದರ ಬೆನ್ನು ತಟ್ಟುವುದು.

ಆ ವರ್ಷ ಜೈಲಿನಿಂದ ಬಿಡುಗಡೆಯಾದವರಿಗಾಗಿ ಹೊಸದೊಂದು ಯೋಜನೆ ತಯಾರಾಗುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅವರ ಮೇಲೆ ಕಣ್ಣಿಡಲು ಕ್ಯಾಮೆರಾ ಹಾಕಿಸುವುದೂ ಅದರಲ್ಲಿತ್ತು. ಯೋಜನೆಯನ್ನು ಸಮಿತಿ ಒಪ್ಪುವ ಮೊದಲು ಆ ಜನರ ಅಭಿಪ್ರಾಯ ಕೇಳಲೇಬೇಕು ಅಂತ ನಿಯಮ. ಜನರನ್ನು ಸಭೆಗೆ ಕರೆಯುವ ಕೆಲಸ ಅವಳ ತಲೆಗೆ ಬಿತ್ತು. ಜೈಲಿನಿಂದ ಬಂದವರು ಕೆಲಸಕ್ಕಿದ್ದ ಗ್ಯಾರೇಜು, ಲಾಂಡ್ರಿ, ಹೊಲಿಗೆ ಅಂಗಡಿಗಳನ್ನು ಸುತ್ತಿದಳು. ಮುಖ ತಿರುಗಿಸಿಕೊಂಡವರನ್ನೂ ಬಿಡದೆ ಮಾತಾಡಿಸಿ, ಹತ್ತಾರು ಮಂದಿಯನ್ನು ಒಪ್ಪಿಸಿದಳು.

ಅಪ್ಪನಿಗೆ ಇದು ಹಿಡಿಸಲಿಲ್ಲ. ಅವರು ಜೈಲಿನ ವಾರ್ಡರ್ ಆಗಿ ನಿವೃತ್ತರಾದವರು.

"ನಾನು ಜೀವಮಾನವೆಲ್ಲ ಅವರ ಬಾಗಿಲಿಗೆ ಬೀಗ ಹಾಕಿದೆ. ನೀನು ಹೋಗಿ ಕುರ್ಚಿ ಹಾಕ್ತೀಯಾ?"

"ಹೂಂ ಅಪ್ಪಾ, ಹಾಕ್ತೀನಿ."

"ಖಾಯಂ ಆಗೋವರೆಗಾದ್ರೂ ಬಾಯಿ ಮುಚ್ಕೊಂಡಿರು ತಾಯಿ."

ಸಭೆಯ ದಿನ ಮೂರನೇ ಮಹಡಿಯ ಕೋಣೆಯಲ್ಲಿ ಮೈಕು, ನೀರಿನ ಬಾಟಲಿ, ಸಾಲು ಕುರ್ಚಿ ಎಲ್ಲ ತಯಾರಾಗಿತ್ತು. ಸಮಿತಿಯ ಮೂವರು ಸದಸ್ಯರೂ ಬಂದು ಕೂತರು. ಅಧ್ಯಕ್ಷೆ ಒಬ್ಬ ನಿವೃತ್ತ ನ್ಯಾಯಾಧೀಶೆ, ಮಂಡಿನೋವಿನ ಹೆಂಗಸು. ಎದುರಿನ ಕುರ್ಚಿಗಳು ಮಾತ್ರ ಖಾಲಿ. ಚಿಕ್ಕ ಮೇಡಂ ಕಿಟಕಿಯಿಂದ ಬಗ್ಗಿ ನೋಡಿದಳು. ಅವಳು ಕರೆದವರೆಲ್ಲ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು.

ಎರಡೆರಡು ಮೆಟ್ಟಿಲು ಹಾರುತ್ತಾ ಕೆಳಗೆ ಓಡಿದಳು.

"ನಾನೇನು ಮಾಡ್ಲಿ ಮೇಡಂ?" ಎಂದ ಗೇಟಿನ ಕಾವಲುಗಾರ. "ಇವರ ಗುರುತಿನ ಚೀಟಿ ಇಟ್ಟ ಕೂಡ್ಲೇ ಮಿಷನ್ನು ಕೆಂಪು ತೋರಿಸುತ್ತೆ. ಕೇಸಿದ್ದವರನ್ನ ಒಳಗೆ ಬಿಡಬಾರದು ಅಂತ ಆರ್ಡರ್."

ಹೊಲಿಗೆ ಅಂಗಡಿಯ ಹೆಂಗಸು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದಿದ್ದಳು. ಅವಳ ಮುಖ ಕೆಂಪಾಗಿತ್ತು. "ನಾವಾಗೇ ಬಂದ್ವಾ? ಅಂಗಡಿ ಬಾಗಿಲಿಗೆ ಬಂದು ಕರೆದೆಯಲ್ಲಮ್ಮ, ಹೀಗೆ ಬೀದೀಲಿ ನಿಲ್ಲಿಸೋಕಾ?"

ಚಿಕ್ಕ ಮೇಡಂಗೆ ಕೆನ್ನೆಗೆ ಹೊಡೆದ ಹಾಗಾಯಿತು. "ಹೋಗ್ಬೇಡಿ ಅಕ್ಕಾ, ಬಂದೆ" ಎಂದು ಮತ್ತೆ ಮೇಲಕ್ಕೆ ಓಡಿದಳು.

ವಿಷಯ ಕೇಳಿ ಮೇಲಧಿಕಾರಿ ನೆಮ್ಮದಿಯಾಗಿ ಕುರ್ಚಿಗೆ ಒರಗಿದರು. "ಒಳ್ಳೇದೇ ಆಯ್ತು. ಯಾರೂ ಹಾಜರಾಗಲಿಲ್ಲ ಅಂತ ಬರ್ದುಬಿಡು, ಊಟಕ್ಕೆ ಮೊದಲೇ ಮುಗಿಯುತ್ತೆ."

"ಬಂದಿದ್ದಾರೆ ಸಾರ್. ಗೇಟಲ್ಲಿದ್ದಾರೆ."

"ಒಳಗೆ ಬಂದಿಲ್ಲ ತಾನೆ? ಹಾಗಾದ್ರೆ ಬಂದಿಲ್ಲ."

"ಹಾಗಂತ ನಾನು ಬರೆಯಲ್ಲ ಸಾರ್."

"ನೀನಿನ್ನೂ ಪ್ರೊಬೇಷನ್ನಲ್ಲಿದ್ದೀಯ, ನೆನಪಿರಲಿ."

ನೆನಪಿತ್ತು. ಆದರೂ ಅವಳು ಮೈಕಿನ ವೈರು ಕಿತ್ತಳು, ಸ್ಪೀಕರ್ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು, ಅಧ್ಯಕ್ಷೆಯ ಎದುರು ಹೋಗಿ ನಿಂತಳು.

"ಸಭೆ ಗೇಟಿನಾಚೆ ನಡೆಯುತ್ತೆ ಅಮ್ಮಾ. ದಯವಿಟ್ಟು ಕೆಳಗೆ ಬನ್ನಿ."

ಅಧ್ಯಕ್ಷೆ ಕನ್ನಡಕದ ಮೇಲಿನಿಂದ ಅವಳನ್ನೇ ನೋಡಿದರು. "ಲಿಫ್ಟ್ ಇದೆಯೇನಮ್ಮ?"

"ಇದೆ. ಕೆಟ್ಟಿದೆ."

"ಇನ್ನೇನು ಮತ್ತೆ" ಎಂದು ಅವರು ನಿಟ್ಟುಸಿರು ಬಿಟ್ಟು, ಕೈಚೀಲ ಎತ್ತಿಕೊಂಡು ಎದ್ದರು. ಅವರು ಎದ್ದ ಮೇಲೆ ಉಳಿದಿಬ್ಬರೂ ಏಳಲೇಬೇಕಾಯಿತು. ಮೇಲಧಿಕಾರಿ ಎಲ್ಲರಿಗಿಂತ ಕೊನೆಗೆ ಇಳಿದು ಬಂದರು.

ಜನರನ್ನು ಒಳಗೆ ಬಿಡಬಾರದು ಅಂತ ಆರ್ಡರ್ ಇತ್ತೇ ಹೊರತು ಕುರ್ಚಿ ಹೊರಗೆ ಹೋಗಬಾರದು ಅಂತ ಇರಲಿಲ್ಲ. ಹಾಗಂತ ಕಾವಲುಗಾರನೇ ಹೇಳಿ, ತಾನೇ ಕುರ್ಚಿ ಎತ್ತಿ ಎತ್ತಿ ಗೇಟು ದಾಟಿಸಿದ. ಕಾಂಪೌಂಡಿನ ನೆರಳಲ್ಲಿ, ಫುಟ್‌ಪಾತಿನ ಮೇಲೆ ಸಭೆ ಶುರುವಾಯಿತು. ದಾರಿಹೋಕರು ನಿಂತು ನೋಡಿದರು. ಒಬ್ಬ ಮುದುಕ ಎಂದೋ ಪೊಲೀಸರು ಎತ್ತಿಕೊಂಡು ಹೋದ ತನ್ನ ಸೈಕಲ್ಲಿನ ಸುದ್ದಿ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಗ್ಯಾರೇಜಿನ ಇಬ್ಬರು ಮೈಕಿಗಾಗಿ ಕಿತ್ತಾಡಿಕೊಂಡರು. ಹೊಲಿಗೆಯ ಹೆಂಗಸು ಮಾತ್ರ ಮೈಕು ಬೇಡ ಅಂದಳು.

"ನಮ್ಮನ್ನ ಬಿಡೋದು ಸಂಜೆ, ಊರ ಕಡೆ ಬಸ್ಸೆಲ್ಲ ಹೋದ ಮೇಲೆ. ಆವತ್ತು ರಾತ್ರಿ ಬಸ್‌ಸ್ಟ್ಯಾಂಡಲ್ಲಿ ಕೂತಿದ್ದೆ. ಗಂಡಸರು ಬಂದು ಬಂದು ರೇಟು ಕೇಳಿದ್ರು. ಈಗ ನೀವು ಅಲ್ಲಿ ಕ್ಯಾಮೆರಾ ಹಾಕಿಸ್ತೀರಂತೆ. ಏನು ನೋಡೋಕೆ? ಬೆಳಗ್ಗೆ ಬಿಡಿ ಸಾಕು, ನಾವು ಮನೆಗೆ ಹೋಗ್ತೀವಿ."

ಚಿಕ್ಕ ಮೇಡಂ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಳು, ರೇಟಿನ ಮಾತನ್ನೂ ಸೇರಿಸಿ.

ಮರುದಿನ ಮೇಲಧಿಕಾರಿ ಒಂದು ಕಾಗದ ಮುಂದೆ ತಳ್ಳಿದರು. "ತಪ್ಪಾಯ್ತು ಅಂತ ಒಂದೇ ಸಾಲು. ಸಹಿ ಹಾಕು, ಇಲ್ಲಿಗೇ ಬಿಟ್ಟುಬಿಡೋಣ."

"ತಪ್ಪು ಮಾಡಿದ್ದು ಗೇಟು ಸಾರ್. ಅದರ ಸಹಿ ತಗೊಳ್ಳಿ."

ಪ್ರೊಬೇಷನ್ ಇನ್ನೊಂದು ವರ್ಷ ಮುಂದೆ ಹೋಯಿತು. ಅವಳ ಮೇಜನ್ನು ಹಿಂದಿನ ಕೋಣೆಗೆ, ಹಳೆ ಕಪಾಟುಗಳ ಪಕ್ಕಕ್ಕೆ ಸಾಗಿಸಿದರು. ಯೋಜನೆಯಲ್ಲಿ ಕ್ಯಾಮೆರಾ ಹಾಗೇ ಉಳಿಯಿತು. ಆದರೆ ಬಿಡುಗಡೆ ಬೆಳಗ್ಗೆಯೇ ಆಗಬೇಕು ಎಂಬ ಶಿಫಾರಸನ್ನು ಅಧ್ಯಕ್ಷೆ ಹಟ ಹಿಡಿದು ಸೇರಿಸಿದರು. ಜೈಲಿನವರು ಅದಕ್ಕೆ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ.

ಮನೆಯಲ್ಲಿ ಎಲ್ಲ ಹೇಳಿದಾಗ ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹಾಜರಿ, ಕಾಗದಪತ್ರ ಎಲ್ಲ ಮುಗಿಯೋ ಹೊತ್ತಿಗೆ ಸಂಜೆ ಆಗೋದು. ಬಸ್ಸಿನ ವಿಚಾರ ನಮಗೆ ಯಾರೂ ಹೇಳ್ಲಿಲ್ಲ."

"ನೀನು ಕೇಳಿದ್ಯಾ ಅಪ್ಪಾ?"

ಅಪ್ಪ ಕೈ ತೊಳೆದು ಬಂದು, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತರು.

"ನಾಳೆಯಿಂದ ಸ್ವಲ್ಪ ಮುಂಚೆಯೇ ಹೊರಡು. ತಡವಾಗಿ ಬಂದ್ಲು ಅಂತ ಬರೆಯೋಕೆ ಆ ಮನುಷ್ಯನಿಗೆ ಆಸ್ಪದ ಕೊಡ್ಬೇಡ."

ಮರುದಿನ ಕಚೇರಿಯಲ್ಲಿ ಇನ್ನೂ ಕಸ ಗುಡಿಸುತ್ತಿರುವಾಗಲೇ ಅವಳು ಹಿಂದಿನ ಕೋಣೆ ಸೇರಿದಳು. ಬಿಗಿದುಕೊಂಡಿದ್ದ ಕಿಟಕಿಯನ್ನು ಗುದ್ದಿ ತೆರೆದಳು, ಮೇಜಿನ ಧೂಳು ಒರೆಸಿದಳು. ಆಮೇಲೆ ಫೋನ್ ಎತ್ತಿಕೊಂಡು, ಮುಂದಿನ ಸಭೆಗೆ ಜನರನ್ನು ಕರೆಯತೊಡಗಿದಳು.