ತುಕ್ಕು ಸಂಘದೊಳಗಿನ ಕಳ್ಳ

ಬೇಕರಿಯ ಹಿಂದಿನ ಗೋದಾಮಿನಲ್ಲಿ ಹಳೆಯ ಮೋಟಾರ್ ಸೈಕಲ್‌ಗಳಿಗೆ ಜೀವ ತುಂಬುತ್ತಿದ್ದವರು ತಮ್ಮನ್ನು ‘ಪುರಾತನ ವಾಹನ ಪ್ರೇಮಿಗಳ ಸಂಘ’ ಎಂದು ಕರೆದುಕೊಳ್ಳುತ್ತಿದ್ದರು. ಬೀದಿಯವರ ಬಾಯಲ್ಲಿ ಅದು ತುಕ್ಕು ಸಂಘ. ಇದ್ದದ್ದು ನಾಲ್ಕೇ ಜನ. ಗೋದಾಮು ಬಿಟ್ಟುಕೊಟ್ಟವನು ಬೇಕರಿಯವನು. ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಸ್ಪ್ಯಾನರ್ ಹಿಡಿಯುತ್ತಿದ್ದವಳು ನರ್ಸಮ್ಮ. ನಟ್ಟು ಬೋಲ್ಟುಗಳನ್ನೂ ರೋಗಿಗಳ ಹಾಗೆ ಗದರಿಸಿಯೇ ದಾರಿಗೆ ತರುತ್ತಿದ್ದಳು. ಸೀಟು ಹೊಲಿಯುವುದಕ್ಕೆಂದು ಕೊನೆಯಲ್ಲಿ ಬಂದು ಸೇರಿದವನು ಟೈಲರ್. ಇವರೆಲ್ಲರ ಮೇಲೆ ಅಧ್ಯಕ್ಷರು. ವಿದ್ಯುತ್ ಕಚೇರಿಯಿಂದ ನಿವೃತ್ತರಾದ ಅವರು ಪಕ್ಕದ ಬೀದಿಯಲ್ಲಿ ಅಕ್ಕನ ಜೊತೆ ಇದ್ದರು. ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದರು. ಹರೆಯದಲ್ಲಿ ಬೆಟ್ಟದ ರಸ್ತೆಗಳಲ್ಲಿ ಮಾಡಿದ ಸವಾರಿಗಳನ್ನು ಅವರು ವರ್ಣಿಸತೊಡಗಿದರೆ ಬೇಕರಿಯವನ ಬ್ರೆಡ್ಡು ಒಲೆಯಲ್ಲಿ ಸೀದುಹೋಗುತ್ತಿತ್ತು.

ಸಂಘದ ಕೈಗೆ ಆಗ ಸಿಕ್ಕಿದ್ದದ್ದು ಒಂದು ಭಾರಿ ಗಾಡಿ. ಎಡಗಡೆ ಒಬ್ಬರು ಕೂರುವ ಸೈಡ್‌ಕಾರ್ ಬೇರೆ. ಗಾಡಿಗೆ ದೊಡ್ಡಮ್ಮ ಎಂದೂ ಸೈಡ್‌ಕಾರಿಗೆ ತೊಟ್ಟಿಲು ಎಂದೂ ಹೆಸರಿಟ್ಟಿದ್ದರು. ಮೊದಲು ನೋಡಲು ಹೋದಾಗ ತೊಟ್ಟಿಲಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಮರಿಗಳು ಹೊರಬರುವ ತನಕ ಮಾಲೀಕ ಗಾಡಿಯ ಹತ್ತಿರ ಯಾರನ್ನೂ ಬಿಟ್ಟಿರಲಿಲ್ಲ. ಅಂಥ ಗಾಡಿ ಕೊನೆಗೂ ಗುಡುಗಿ ಎದ್ದ ದಿನ ಗೋದಾಮಿನ ಹಲ್ಲಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಭಾನುವಾರ ಬೆಳಿಗ್ಗೆ ಬೀದಿಯವರೆಲ್ಲರ ಎದುರು ಅಧ್ಯಕ್ಷರು ಅದನ್ನು ನೀರಿನ ಟ್ಯಾಂಕಿನವರೆಗೆ ಓಡಿಸಿಕೊಂಡು ಬರುವುದೆಂದು ತೀರ್ಮಾನವಾಯಿತು.

ತೊಂದರೆ ಶುರುವಾದದ್ದು ಅದರ ಮರುದಿನವೇ.

ಮೊದಲು ಸ್ಪಾರ್ಕ್ ಪ್ಲಗ್ ಮಾಯವಾಯಿತು. ಗೋದಾಮೆಲ್ಲ ಜಾಲಾಡಿದರೂ ಸಿಗದ್ದು ಬಿಸ್ಕತ್ತಿನ ಡಬ್ಬಿಯಲ್ಲಿ ಗಿರಾಕಿಯೊಬ್ಬರ ಕೈಗೆ ಸಿಕ್ಕಿತು. ಪ್ಲಗ್ ಹಾಕಿದರೆ ಕ್ಲಚ್ಚಿನ ತಂತಿ ಸಡಿಲ. ಅದನ್ನು ಬಿಗಿದರೆ ಮತ್ತೊಂದು. ಸಂಘ ಭಾನುವಾರವನ್ನು ಒಂದು ವಾರ ಮುಂದೂಡಿತು, ಮತ್ತೆ ಮುಂದೂಡಿತು. ಗೋದಾಮಿನ ಬೀಗದ ಕೈ ಬೇಕರಿಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು; ನಾಲ್ವರಿಗೂ ಅದರ ಜಾಗ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ.

“ಕಳ್ಳ ನಮ್ಮೊಳಗೇ ಇದ್ದಾನೆ,” ಎಂದಳು ನರ್ಸಮ್ಮ.

ಅಂದಿನಿಂದ ಗೋದಾಮಿನ ಗಾಳಿಯೇ ಕೆಟ್ಟಿತು. ಒಬ್ಬರು ಬಗ್ಗಿದರೆ ಮೂವರು ಇಣುಕುತ್ತಿದ್ದರು. ಕೈ ಜೇಬಿಗೆ ಹೋದರೆ ಮಾತು ನಿಲ್ಲುತ್ತಿತ್ತು. ನರ್ಸಮ್ಮ ಒಂದು ಸಂಜೆ ಗಾಡಿಯ ಸುತ್ತ ತೆಳ್ಳಗೆ ಮೈದಾ ಉದುರಿಸಿ, ಬೆಳಗ್ಗೆ ಯಾರ ಬೂಟಿಗೆ ಹಿಟ್ಟು ಮೆತ್ತಿದೆಯೋ ಅವರೇ ಕಳ್ಳರು ಎಂದಳು. ಬೆಳಗ್ಗೆ ನೋಡಿದರೆ ಬೇಕರಿಯವನು ನೆತ್ತಿಯಿಂದ ಅಂಗಾಲಿನವರೆಗೆ ಹಿಟ್ಟಾಗಿ ನಿಂತಿದ್ದ.

“ನಾನು ದಿನಾ ಹೀಗೇ ಇರ್ತೀನಲ್ಲಮ್ಮಾ,” ಎಂದ ಅವನು.

ಆಮೇಲೆ ಪೆಟ್ರೋಲ್ ಪೈಪಿನೊಳಗೆ ತುರುಕಿದ್ದ ಬಟ್ಟೆಯ ಚೂರು ಸಿಕ್ಕಿತು. ಬೂದು ಬಣ್ಣದ ಗೆರೆಯ ಒಳ್ಳೆಯ ಕೋಟಿನ ಬಟ್ಟೆ. ನರ್ಸಮ್ಮ ಅದನ್ನು ಚಿಮಟದಲ್ಲಿ ಹಿಡಿದೆತ್ತಿ ದೀಪಕ್ಕೆ ಒಡ್ಡಿದಳು. ಎಲ್ಲರ ಕಣ್ಣೂ ಟೈಲರ್ ಕಡೆ ತಿರುಗಿತು.

“ಕೈ ಒರೆಸ್ಕೊಳ್ಳೋಕೆ ಅಂತ ಚೂರು ಬಟ್ಟೆ ಚೀಲ ನಾನೇ ತಂದಿಟ್ಟಿದ್ದೀನಿ,” ಎಂದ ಟೈಲರ್. “ಯಾರು ಬೇಕಾದ್ರೂ ತಗೋಬಹುದು.”

“ನಾನು ಯಾರ ಹೆಸರನ್ನೂ ಹೇಳ್ಲಿಲ್ಲ,” ಎಂದಳು ನರ್ಸಮ್ಮ.

“ನೋಡೋ ನೋಟದಲ್ಲೇ ಹೇಳಿದ್ರಲ್ಲ.”

ಬೇಕರಿಯವನು ನೆಲ ನೋಡುತ್ತ ಗೊಣಗಿದ. “ನೀನು ಬರೋದಕ್ಕೆ ಮುಂಚೆ ಇಲ್ಲಿ ಒಂದು ವಾಷರ್ ಕೂಡ ಕಾಣೆಯಾಗಿರಲಿಲ್ಲ ಕಣಯ್ಯ. ಸ್ವಲ್ಪ ದಿನ ಈ ಕಡೆ ಬರ್ಬೇಡ.”

ಟೈಲರ್ ಅಧ್ಯಕ್ಷರ ಮುಖ ನೋಡಿದ. ಅವರೊಬ್ಬರಾದರೂ ಒಂದು ಮಾತು ಆಡಿಯಾರು ಎಂದುಕೊಂಡ. ಅಧ್ಯಕ್ಷರು ಮೀಸೆ ನೀವುತ್ತ ಗೋಡೆಯ ಕಡೆ ತಿರುಗಿ ನಿಂತರು. ಟೈಲರ್ ಕತ್ತರಿಯನ್ನು ಜೇಬಿಗಿಳಿಸಿ ಹೊರನಡೆದ.

ಆದರೆ ತೊಟ್ಟಿಲಿನ ಸೀಟು ಅರ್ಧಕ್ಕೆ ನಿಂತಿತ್ತು. ಅರ್ಧ ಹೊಲಿದದ್ದನ್ನು ಹಾಗೇ ಬಿಟ್ಟರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಬೇಕರಿಯವನು ಊಟ ಮಾಡಿ ಕಣ್ಣು ಮುಚ್ಚುವ ಮಧ್ಯಾಹ್ನದ ಹೊತ್ತು ನೋಡಿ ಕೀಲಿ ತೆಗೆದುಕೊಂಡು, ಕಳ್ಳನಲ್ಲದಿದ್ದರೂ ಕಳ್ಳನ ಹೆಜ್ಜೆಯಲ್ಲೇ ಗೋದಾಮು ಹೊಕ್ಕ. ತೊಟ್ಟಿಲೊಳಗೆ ತಲೆ ಕೆಳಗಾಗಿ ಮಲಗಿ ಅಂಚಿಗೆ ಸಣ್ಣ ಮೊಳೆ ಒತ್ತುತ್ತಿದ್ದಾಗ ಬಾಗಿಲು ಕಿರ್ರೆಂದಿತು. ಸಿಕ್ಕಿಬಿದ್ದರೆ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತದೆಂದು ಅವನು ಮೇಲಿನ ಟಾರ್ಪಾಲನ್ನು ಎಳೆದುಕೊಂಡು ಉಸಿರು ಬಿಗಿಹಿಡಿದ. “ಬೇಕರಿಯವನು ಬೀಗ ಹಾಕೋದೇ ಮರೆತಿದ್ದಾನೆ,” ಎಂದು ಬಂದವರು ಗೊಣಗಿದರು.

ಟಾರ್ಪಾಲಿನ ತೂತಿನಿಂದ ಅವನಿಗೆ ಕಂಡದ್ದು ಅಧ್ಯಕ್ಷರ ಕೈ. ಅದು ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಪುಟ್ಟ ಹಿತ್ತಾಳೆಯ ಜೆಟ್ಟನ್ನು ತೆಗೆದು, ಕನ್ನಡಕದ ಡಬ್ಬಿಯೊಳಗೆ ಮಲಗಿಸಿತು.

“ತಪ್ಪು ತಿಳ್ಕೋಬೇಡ ದೊಡ್ಡಮ್ಮ,” ಎಂದರು ಅಧ್ಯಕ್ಷರು ಟ್ಯಾಂಕನ್ನು ಸವರುತ್ತ.

“ದೊಡ್ಡಮ್ಮ ತಿಳ್ಕೊಳ್ಳಲ್ಲ. ನಾನು ತಿಳ್ಕೊಂಡೆ,” ಎಂದು ಟೈಲರ್ ಟಾರ್ಪಾಲಿನ ಸಮೇತ ಎದ್ದು ನಿಂತ.

ಅಧ್ಯಕ್ಷರು ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕುಸಿದರು. ಸ್ವಲ್ಪ ಹೊತ್ತು ಮೀಸೆಯೂ ಜೋತುಬಿದ್ದಂತೆ ಕಂಡಿತು.

“ನಂಗೆ ಗಾಡಿ ಓಡಿಸೋಕೆ ಬರಲ್ಲಪ್ಪ,” ಎಂದರು.

“ಏನಂದ್ರಿ?”

“ಬರಲ್ಲ. ಯಾವತ್ತೂ ಬರ್ತಿರಲಿಲ್ಲ. ಆಗ ಓಡಿಸ್ತಿದ್ದಿದ್ದು ಅಕ್ಕ. ಇಂಥದೇ ಗಾಡಿ. ನಾನು ತೊಟ್ಟಿಲಲ್ಲಿ ಕೂತಿರ್ತಿದ್ದೆ. ಕೆಟ್ಟು ನಿಂತಾಗ ರಿಪೇರಿ ನಂದು, ಓಡ್ಸೋದು ಅವಳ್ದು.”

“ಮತ್ತೆ ಆ ಬೆಟ್ಟ, ಆ ಮಂಜು, ಬ್ರೇಕ್ ಫೇಲಾಗಿದ್ದು?”

“ಎಲ್ಲಾ ನಿಜ. ‘ಬೆಟ್ಟ ದಾಟಿದ್ವಿ’ ಅಂತಲೇ ನಾನು ಹೇಳಿದ್ದು. ನಾನೂ ಗಾಡಿಯೂ ಅಂತ ನೀವೆಲ್ಲ ತಿಳ್ಕೊಂಡ್ರಿ. ಆಮೇಲೆ ತಿದ್ದೋಕೆ ಬಾಯಿ ಬರ್ಲಿಲ್ಲ.”

“ನನ್ನ ಮೇಲೆ ಬಂದಾಗಲೂ ಬರ್ಲಿಲ್ವಾ?”

ಅಧ್ಯಕ್ಷರು ಕನ್ನಡಕದ ಡಬ್ಬಿಯನ್ನು ಜೇಬಿಗಿಳಿಸಿದರು. ಟೈಲರ್ ಟಾರ್ಪಾಲನ್ನು ಮಡಿಸಿ ಪಕ್ಕಕ್ಕಿಟ್ಟ. “ಭಾನುವಾರ ನೀವೇ ಎಲ್ಲರ ಮುಂದೆ ಹೇಳಿ. ನಾನು ಹೇಳಿದ್ರೆ ಚಾಡಿ ಆಗುತ್ತೆ,” ಎಂದು ಹೊರಟ.

ಅರ್ಧ ದಾರಿಯಲ್ಲಿ ಅವನಿಗೆ ಹೊಸ ಅನುಮಾನ ಹುಟ್ಟಿತು. ಅಷ್ಟು ಕಾಲ ನಂಬಿಸಿದ ಮನುಷ್ಯ, ಈ ಅಕ್ಕನ ಕಥೆಯನ್ನೂ ಆಗಲೇ ಹೊಲಿದಿರಬಾರದೇಕೆ? ಮೊಣಕಾಲಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು, ತಮ್ಮನ ಅಂಗಿಯ ಗ್ರೀಸ್ ಕಲೆಗೆ ಶಾಪ ಹಾಕುವ ಆ ಅಕ್ಕ ಎಲ್ಲಿ, ಬೆಟ್ಟದ ರಸ್ತೆ ಎಲ್ಲಿ. ಅವನು ನೇರ ಅವರ ಮನೆಗೇ ಹೋಗಿ ಬಾಗಿಲು ತಟ್ಟಿದ. ಅಕ್ಕ ಬಾಗಿಲನ್ನು ಒಂದು ಕಣ್ಣಿನಷ್ಟೇ ತೆರೆದರು.

“ಅಕ್ಕಾ, ಒಂದು ಮಾತು ಕೇಳ್ಬೇಕಿತ್ತು. ಸೈಡ್‌ಕಾರ್ ಎಡಗಡೆ ಇದ್ರೆ, ಗಾಡೀನ ಎಡಕ್ಕೆ ತಿರುಗಿಸೋದು ಹೇಗೆ?”

“ನಿಧಾನಕ್ಕೆ,” ಎಂದರು ಅಕ್ಕ ಯೋಚಿಸದೆ. “ಜೋರಾಗಿ ತಿರುಗಿಸಿದ್ರೆ ಸೈಡ್‌ಕಾರಿನ ಚಕ್ರ ನೆಲ ಬಿಟ್ಟು ಏಳುತ್ತೆ. ಒಳಗೆ ಕೂತೋನು ಎಡಕ್ಕೆ ಹೊರಗೆ ಬಾಗ್ಬೇಕು. ನಮ್ಮೋನು ಎಲ್ಲಿ ಬಾಗ್ತಿದ್ದ, ಕಣ್ಣು ಮುಚ್ಕೊಂಡು ಹಾಡು ಹೇಳ್ತಿದ್ದ.” ಆಮೇಲೆ ಬಾಗಿಲು ಪೂರ್ತಿ ತೆರೆಯಿತು. “ಇದನ್ನೆಲ್ಲ ನೀನ್ಯಾಕೆ ಕೇಳ್ತಿದ್ದೀಯ? ಅಲ್ಲಿ ಅವನು ಏನು ಹೇಳ್ಕೊಂಡು ತಿರುಗ್ತಿದ್ದಾನೆ?”

ಟೈಲರ್‌ಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅಕ್ಕನಿಗೆ ಅಷ್ಟು ಸಾಕಾಯಿತು.

ಭಾನುವಾರ ಬೇಕರಿಯ ಮುಂದೆ ಜನ ಸೇರಿದ್ದರು. ಟೈಲರ್ ದೂರದಲ್ಲಿ ದೀಪದ ಕಂಬಕ್ಕೆ ಒರಗಿ ನಿಂತಿದ್ದ. ಅಧ್ಯಕ್ಷರು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಕನ್ನಡಕದ ಡಬ್ಬಿ ತೆರೆದರು. ಜೆಟ್ ತೋರಿಸಿದರು. ಪ್ಲಗ್, ತಂತಿ, ಬಟ್ಟೆಯ ಚೂರು ಎಲ್ಲ ತನ್ನದೇ ಕೆಲಸ, ಟೈಲರ್‌ದೇನೂ ತಪ್ಪಿಲ್ಲ, ತನಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

ನರ್ಸಮ್ಮ ಕಣ್ಣು ಕಿರಿದು ಮಾಡಿದಳು. “ಟೈಲರ್‌ನ ಉಳಿಸೋಕೆ ನೀವು ಸುಳ್ಳು ಹೇಳ್ತಿಲ್ಲ ತಾನೆ?”

“ಸುಳ್ಳು ಇಷ್ಟು ದಿನ ಹೇಳಿದ್ದು.”

“ಹಾಗಾದ್ರೆ ಜೆಟ್ ಹಾಕಿ, ಓಡಿಸೋಕೆ ಬರಲ್ಲ ಅಂತ ಓಡಿಸಿ ತೋರಿಸಿ.”

ಅಧ್ಯಕ್ಷರು ಜೆಟ್ ಹಾಕಿದರು, ಹತ್ತಿದರು, ಕ್ಲಚ್ ಬಿಟ್ಟರು. ದೊಡ್ಡಮ್ಮ ಜಿಗಿದು ಬೇಕರಿಯ ಖಾಲಿ ಟ್ರೇಗಳ ಗೋಪುರಕ್ಕೆ ನುಗ್ಗಿ, ಅಷ್ಟನ್ನೂ ಮೈಮೇಲೆ ಎಳೆದುಕೊಂಡು ನಿಂತಿತು. ಆಮೇಲೆ ನರ್ಸಮ್ಮನಿಗೂ ಯಾವ ಅನುಮಾನವೂ ಉಳಿಯಲಿಲ್ಲ.

“ಇಳಿ,” ಎಂದು ಒಂದು ಧ್ವನಿ ಕೇಳಿತು. ಜನ ಸರಿದು ದಾರಿ ಬಿಟ್ಟರು. ಅಕ್ಕ ಟ್ರೇಗಳನ್ನು ಕಾಲಿಂದ ಬದಿಗೆ ತಳ್ಳಿ, ಹ್ಯಾಂಡಲ್ ಹಿಡಿದು ಅಲುಗಿಸಿ ನೋಡಿ, ಉಣ್ಣೆಯ ಪಟ್ಟಿಯ ಮೊಣಕಾಲನ್ನು ನಿಧಾನಕ್ಕೆ ಆ ಕಡೆ ಹಾಕಿದರು. ಕಿಕ್ ಹೊಡೆಯಲು ತಮ್ಮನಿಗೆ ಹೇಳಿದರು, ಅವರು ಹೊಡೆದರು. ಅಧ್ಯಕ್ಷರು ಹಳೆಯ ಅಭ್ಯಾಸದಂತೆ ತೊಟ್ಟಿಲಿಗೆ ಕಾಲಿಡಲು ಹೋದಾಗ ಅಕ್ಕ ತಲೆಯಾಡಿಸಿದರು.

“ನೀನಲ್ಲ. ಸೀಟು ಹೊಲಿದೋನು ಬರ್ಲಿ.”

ಟೈಲರ್ ಕಂಬ ಬಿಟ್ಟು ಬಂದು ಕೂತ. ನೀರಿನ ಟ್ಯಾಂಕಿನ ತಿರುವಿನಲ್ಲಿ ಎಷ್ಟು ಬಾಗಿದನೆಂದರೆ ಅವನ ತೋಳು ಬೇಲಿಗೆ ತರಚಿತು. ಅಕ್ಕ ಅವನ ಕಡೆ ನೋಡಲಿಲ್ಲ, ಆದರೆ ನೇರ ರಸ್ತೆ ಸಿಕ್ಕಿದಾಗ ಗಾಡಿಯ ವೇಗ ಹೆಚ್ಚಿಸಿದರು. ಅವರ ಮುಖದಲ್ಲಿ ಟೈಲರ್ ಆ ದಿನ ಕಂಡ ಹಿಗ್ಗನ್ನು ಅವರ ತಮ್ಮನ ಯಾವ ವರ್ಣನೆಯೂ ಹೇಳಿರಲಿಲ್ಲ.

ಅಕ್ಕ ಅಂದಿನಿಂದ ಸಂಘಕ್ಕೆ ಸೇರಿದರು. ಮೊದಲ ದಿನವೇ ಕೀಲಿಯನ್ನು ಮೊಳೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಧ್ಯಕ್ಷರು ಖಾಲಿ ಮೈದಾನದಲ್ಲಿ ಅಕ್ಕನ ಬೈಗುಳದಡಿ ಚಿಕ್ಕ ಗಾಡಿಯೊಂದರ ಮೇಲೆ ಪಾಠ ಕಲಿಯತೊಡಗಿದರು. ನರ್ಸಮ್ಮ ಟೈಲರ್‌ನ ತರಚು ಗಾಯಕ್ಕೆ ಬೇಕಾದ್ದಕ್ಕಿಂತ ದೊಡ್ಡ ಬ್ಯಾಂಡೇಜು ಕಟ್ಟಿದಳು.

ಬೇಕರಿಯವನು ಮಾತ್ರ ಟೈಲರ್‌ಗೆ ಎದುರಾಗದೆ ತಪ್ಪಿಸಿಕೊಂಡು ಓಡಾಡುತ್ತಿದ್ದ. ಒಂದು ಬೆಳಿಗ್ಗೆ ಪ್ಯಾಂಟೊಂದನ್ನು ಮಡಿಸಿ ಹಿಡಿದು ಟೈಲರ್ ಅಂಗಡಿಗೆ ಬಂದ. ಟೈಲರ್ ಅದನ್ನು ಬಿಡಿಸಿ, ಹೊಲಿಗೆಯುದ್ದಕ್ಕೂ ಬೆರಳಾಡಿಸಿ, ಒಳಗೂ ಹೊರಗೂ ನೋಡಿದ.

“ಇದ್ರಲ್ಲಿ ಎಲ್ಲೂ ಹರಿದಿಲ್ವಲ್ಲ.”

“ಗೊತ್ತು,” ಎಂದ ಬೇಕರಿಯವನು.

ಟೈಲರ್ ಪ್ಯಾಂಟನ್ನು ಮತ್ತೆ ಮಡಿಸಿ ಮೇಜಿನ ಮೇಲಿಟ್ಟು, ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿ ಜಾಗ ಮಾಡಿದ.

“ಕೂತ್ಕೊಳ್ಳಿ,” ಎಂದ.